ಪಿಯುಸಿಗೆ ಯಾವ ವಿಷಯ? ಸಿಇಟಿ, ನೀಟ್ ಲೆಕ್ಕ ಬದಲಾದಾಗಲೆಲ್ಲ ನಮ್ಮ ಕಡೆ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ನಮ್ಮ ಕಾಲೇಜಿನ ಅಡ್ಮಿಷನ್ ಕೊಠಡಿ ಮುಂದೆ ಚಪ್ಪಲಿ ರಾಶಿ ಬೀಳುತ್ತದೆ. ನವಲಗುಂದ, ಕಲಘಟಗಿ, ರೋಣ, ಶಿರಹಟ್ಟಿ, ಹಾನಗಲ್, ಸವಣೂರು ಕಡೆಯಿಂದ ಮೊದಲ ಬಸ್ಸಿಗೇ ಬಂದಿರುತ್ತಾರೆ. ಅಂಕಪಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ, ಮಗನೋ ಮಗಳೋ ಬಾಗಿಲ ಹಿಂದೆ. ಗಣಿತ ಕಲಿಸುವ ನನ್ನ ಪಾಲಿಗೆ ಆ ಹದಿನೈದು ದಿನ ಪಾಠಕ್ಕಿಂತ ಪ್ರಶ್ನೋತ್ತರವೇ ಹೆಚ್ಚು. ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು. ಎಂಜಿನಿಯರಿಂಗ್, ಕೃಷಿ ಸೀಟಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿ, ಮೆಡಿಕಲ್ ಸೀಟಿಗೆ ಇಡೀ ದೇಶಕ್ಕೆ ಒಂದೇ ಆದ ನೀಟ್, ಹೆಚ್ಚಿನವು ಇವೆರಡರ ಸುತ್ತಲಿನವು. ಅವನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

ಸರ್, ಪಿಯುಸಿ ಮಾರ್ಕ್ಸ್ ಸಿಇಟಿಗೆ ಹಿಡಿತಾರೋ ಇಲ್ಲೋ? ಒಬ್ಬೊಬ್ರು ಒಂದೊಂದು ಹೇಳ್ತಾರ.

ಎಂಜಿನಿಯರಿಂಗಿಗೆ ಹಿಡಿಯುತ್ತಾರೆ. ಅರ್ಧಕ್ಕರ್ಧ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರರ 300 ಅಂಕಕ್ಕೆ ಶೇ 50; ಸಿಇಟಿಯಲ್ಲಿ ಅದೇ ಮೂರು ವಿಷಯದ 180 ಅಂಕಕ್ಕೆ ಶೇ 50. ಎರಡನ್ನೂ ಶೇಕಡಾಕ್ಕೆ ತಂದು ಸರಾಸರಿ ತೆಗೆದು ರ‍್ಯಾಂಕ್ ಕೊಡುತ್ತಾರೆ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, ಪ್ರಶ್ನೆಗೆ ಒಂದು ಅಂಕ, ತಪ್ಪಿದರೆ ಕಡಿತವಿಲ್ಲ.

ಬಾಯಿಮಾತಿನಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ, ಹಾಗಾಗಿ ನಾನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಒಬ್ಬಳು ಹುಡುಗಿ ಪಿಯುಸಿಯ ಮೂರು ವಿಷಯದಲ್ಲಿ 285 ತೆಗೆದಳು ಅನ್ನಿ, ಅಂದರೆ ಶೇ 95. ಸಿಇಟಿಯಲ್ಲಿ 72 ಬಂತು, ಶೇ 40. ಸರಾಸರಿ 67.5. ಅವಳ ಪಕ್ಕದ ಬೆಂಚಿನ ಹುಡುಗ ಪಿಯುಸಿಯಲ್ಲಿ 246, ಅಂದರೆ ಶೇ 82. ಸಿಇಟಿಯಲ್ಲಿ 99, ಶೇ 55. ಸರಾಸರಿ 68.5. ಊರವರು ಹುಡುಗಿಗೆ ಸನ್ಮಾನ ಮಾಡುತ್ತಾರೆ, ಸೀಟು ಆರಿಸುವ ಸರದಿ ಹುಡುಗನಿಗೆ ಮೊದಲು ಬರುತ್ತದೆ.

ಈ ಲೆಕ್ಕವನ್ನು ಬಿಡಿಸಿದರೆ ಒಂದು ಸುಲಭ ಸೂತ್ರ ಸಿಗುತ್ತದೆ: ಸಿಇಟಿಯ 3 ಅಂಕ, ಪಿಯುಸಿಯ 5 ಅಂಕಕ್ಕೆ ಸಮ. ಪಿಯುಸಿಯಲ್ಲಿ 90ರಿಂದ 95ಕ್ಕೆ ಏರಲು ಒಂದು ವಿಷಯಕ್ಕೆ ಎಷ್ಟು ಒದ್ದಾಡಬೇಕು, ಸಿಇಟಿಯಲ್ಲಿ ಇನ್ನು ಮೂರು ಪ್ರಶ್ನೆ ಸರಿ ಮಾಡಲು ಎಷ್ಟು ಒದ್ದಾಡಬೇಕು ಎಂಬುದನ್ನು ಮಕ್ಕಳೇ ತೂಗಿ ನೋಡಲಿ.

ಕಾಮೆಡ್‌ಕೆ ಎಂಬ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪರೀಕ್ಷೆಗೆ ಮಾತ್ರ ಈ ಅರ್ಧಕ್ಕರ್ಧ ಇಲ್ಲ. ಅಲ್ಲಿ ಪಿಯುಸಿ ಅಂಕ ಅರ್ಹತೆಗೆ ಸಾಕು, ರ‍್ಯಾಂಕ್ ಪೂರ್ತಿ ಪರೀಕ್ಷೆಯದೇ.

ಮತ್ತ ನಮ್ಮ ಅಣ್ಣನ ಮಗಗ ಪಿಯುಸಿ ಮಾರ್ಕ್ಸ್ ಹಿಡದಿಲ್ಲ ಅಂದ್ರಲ್ರಿ?

ಅವನು ಯಾವ ವರ್ಷದವನು ಎಂದು ಕೇಳಿ. 2021ರವನಾದರೆ ಅವನು ಹೇಳುವುದೂ ಖರೆ. ಆ ವರ್ಷ ಕೋವಿಡ್‌ನಿಂದ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಯ ಶೇ 45, ಪ್ರಥಮ ಪಿಯುಸಿಯ ಶೇ 45, ಆಂತರಿಕ ಮೌಲ್ಯಮಾಪನದ ಶೇ 10 ಕೂಡಿಸಿ ಎಲ್ಲರನ್ನೂ ಪಾಸು ಮಾಡಿದರು. ಹಾಗೆ ಬಂದ ಅಂಕವನ್ನು ರ‍್ಯಾಂಕಿಗೆ ಹಿಡಿಯುವುದು ಸರಿಯಲ್ಲ ಎಂದು ಸಿಇಟಿ ಅಂಕದ ಮೇಲಷ್ಟೇ ರ‍್ಯಾಂಕ್ ಕೊಟ್ಟರು.

ಗೊಂದಲ ಎದ್ದದ್ದು ಮರುವರ್ಷ. 2021ರಲ್ಲಿ ಪಾಸಾದವರಲ್ಲಿ ಸಾವಿರಾರು ಮಂದಿ 2022ರಲ್ಲಿ ಮತ್ತೆ ಸಿಇಟಿ ಬರೆದರು. ಅವರ ಪಿಯು ಅಂಕ ಹಿಡಿಯದೆ ರ‍್ಯಾಂಕ್ ಕೊಟ್ಟಾಗ ಹೈಕೋರ್ಟಿಗೆ ಹೋದರು. ಆ ವರ್ಷದ ಸೆಪ್ಟೆಂಬರ್‌ವರೆಗೆ ಜಗ್ಗಾಡಿ, ಕೊನೆಗೆ ಆ ಬ್ಯಾಚಿನ ಪಿಯು ಅಂಕದಲ್ಲಿ ಸರಾಸರಿ 6 ಅಂಕ ಕಳೆದು ಲೆಕ್ಕಕ್ಕೆ ಹಿಡಿಯುವುದೆಂದಾಯಿತು. ಅಷ್ಟು ಹೊತ್ತಿಗೆ ರ‍್ಯಾಂಕ್ ಪಟ್ಟಿ ಬೇರೆಯಾಗಿ, ಮೊದಲ ಪಟ್ಟಿ ನೋಡಿ ಪೇಢೆ ಹಂಚಿದವರೆಲ್ಲ ಮುಖ ಸಪ್ಪಗೆ ಮಾಡಿಕೊಂಡಿದ್ದರು.

ಇಂಥದ್ದೇ ಇನ್ನೊಂದು 2024ರದು. ಪಠ್ಯದಿಂದ ಕೈಬಿಟ್ಟ ಭಾಗದಿಂದ ಪ್ರಶ್ನೆ ಬಂದವೆಂದು ಗಲಾಟೆಯಾಗಿ, 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆದರು. ಭೌತಶಾಸ್ತ್ರದ 9, ರಸಾಯನಶಾಸ್ತ್ರದ 15, ಗಣಿತದ 15, ಜೀವಶಾಸ್ತ್ರದ 11. ಎಂಜಿನಿಯರಿಂಗಿನವರಿಗೆ 180ರ ಬದಲು 141 ಪ್ರಶ್ನೆ ಉಳಿದವು. ಆ ಪ್ರಶ್ನೆಗಳನ್ನು ಸರಿಯಾಗಿ ಬಿಡಿಸಿದ್ದ ಒಬ್ಬ ಹುಡುಗ ನನ್ನ ಎದುರು ನಿಂತು, "ಸರ್, ನಾ ಹಳೇ ಪುಸ್ತಕಾನೂ ಓದಿದ್ದೇ ತಪ್ಪಾತೇನ್ರಿ?" ಅಂದ. ಉತ್ತರ ತೋಚಲಿಲ್ಲ.

ಒಂದು ವರ್ಷದ ಏರುಪೇರನ್ನು ಕಾಯಂ ನಿಯಮವೆಂದು ತಿಳಿದು ಈಗಿನ ಮಗುವಿಗೆ ವಿಷಯ ಕೊಡಿಸಬೇಡಿ. ಅಣ್ಣನ ಮಗನ ಅನುಭವ ಕೇಳಿ, ನಿಯಮವನ್ನು ಮಾತ್ರ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಿ.

ಸಂಸ್ಕೃತ ತಗೊಂಡ್ರ ನೂರಕ್ಕ ನೂರು ಬೀಳ್ತಾವಂತ. ಕನ್ನಡ ಬಿಡಿಸಿಬಿಡ್ಲೇನ್ರಿ?

ಈ ಪ್ರಶ್ನೆಗೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ.

ಸಿಇಟಿ ರ‍್ಯಾಂಕಿಗೆ ಭಾಷೆಯ ಅಂಕ ಒಂದೂ ಸೇರುವುದಿಲ್ಲ. ನೀಟ್‌ಗೂ ಇಲ್ಲ. 600ಕ್ಕೆ 580 ಬಂತು ಎಂದು ಫ್ಲೆಕ್ಸ್ ಹಾಕಿಸುತ್ತೀರಲ್ಲ, ಅದರಲ್ಲಿ ಭಾಷೆಗಳ 200 ಮತ್ತು ನಾಲ್ಕನೆಯ ವಿಷಯದ 100, ಹೀಗೆ 300 ಅಂಕಕ್ಕೆ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಬೆಲೆಯೇ ಇಲ್ಲ. ಸಂಸ್ಕೃತವನ್ನು ಪ್ರೀತಿಯಿಂದ ಓದುವ ಮಗುವಾದರೆ ಖಂಡಿತ ಕೊಡಿಸಿ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ, ಸಂಸ್ಕೃತದ ಒಂದಕ್ಷರ ಕಾಣದ ಹುಡುಗನನ್ನು ಫಲಿತಾಂಶದ ದಿನದ ಫ್ಲೆಕ್ಸಿಗಾಗಿ ಅಲ್ಲಿ ಕೂರಿಸುವುದು ಏತಕ್ಕೆ? ವಿಜ್ಞಾನದ ಮೂರು ವಿಷಯ ಇಂಗ್ಲಿಷಿನಲ್ಲಿ ಎದುರಾಗುವ ವರ್ಷದಲ್ಲಿ ಅವನಿಗೆ ಕನ್ನಡದ ತರಗತಿಯೊಂದೇ ಉಸಿರಾಡುವ ಜಾಗ.

ಒಂದು ಕಡೆ ಮಾತ್ರ ಭಾಷೆ ಲೆಕ್ಕಕ್ಕೆ ಬರುತ್ತದೆ. ರಾಷ್ಟ್ರಮಟ್ಟದ ಜೆಇಇ ಪರೀಕ್ಷೆಯ ಮೂಲಕ ಎನ್ಐಟಿ, ಐಐಟಿ ಸೇರುವವರಿಗೆ ಪಿಯುಸಿಯಲ್ಲಿ ಶೇ 75 ಇರಬೇಕು ಅಥವಾ ಮಂಡಳಿಯ ಮೇಲಿನ 20 ಪರ್ಸೆಂಟೈಲ್‌ನಲ್ಲಿರಬೇಕು. ಆ ಶೇ 75ಕ್ಕೆ ಒಂದು ಭಾಷೆಯನ್ನೂ ಸೇರಿಸುತ್ತಾರೆ. ಆ ಮಟ್ಟಕ್ಕೆ ಓದುವ ಮಗುವಿಗೆ ಕನ್ನಡದಲ್ಲಿ 75 ಬಾರದೆ ಇರುತ್ತದೆಯೇ?

ಪಿಸಿಎಂಬಿ ತಗೊಂಡ್ರ ಎರಡೂ ಕಡೆ ಬಾಗಿಲ ತೆರೆದಿರ್ತಾವ ಅಂತಾರ. ಅದ ಬೆಸ್ಟ್ ಅಲ್ರಿ?

ಪಿಸಿಎಂಬಿ ಅಂದರೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ. ಬಾಗಿಲು ತೆರೆದಿರುತ್ತವೆ, ನಿಜ. ಬಾಗಿಲವರೆಗೆ ನಡೆಯುವುದು ಯಾರು ಎಂಬುದು ನನ್ನ ತಕರಾರು.

ನಾಲ್ಕನೆಯ ವಿಷಯ ಜೀವಶಾಸ್ತ್ರವಿರಲಿ, ಕಂಪ್ಯೂಟರ್ ಸೈನ್ಸ್ ಇರಲಿ, ಎಲೆಕ್ಟ್ರಾನಿಕ್ಸ್ ಇರಲಿ, ಸಂಖ್ಯಾಶಾಸ್ತ್ರವಿರಲಿ, ಎಂಜಿನಿಯರಿಂಗ್ ರ‍್ಯಾಂಕ್ ನಿಂತಿರುವುದು ಉಳಿದ ಮೂರರ ಮೇಲೆ. ಹಾಗಾಗಿ "ಕಂಪ್ಯೂಟರ್ ಸೈನ್ಸ್ ತಗೊಂಡ್ರ ಸಿಇಟಿಗೆ ಅನುಕೂಲ" ಎಂಬ ಮಾತೂ ಸುಳ್ಳು. ಪಿಸಿಎಂಬಿ ಓದಿದವರು ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೇರಬಹುದು, ಪ್ರತಿವರ್ಷ ಸೇರುತ್ತಾರೆ. ಎಲೆಕ್ಟ್ರಾನಿಕ್ಸ್ ಓದದವರು ಆ ಶಾಖೆಗೆ ಹೋಗುತ್ತಾರೆ.

ವ್ಯತ್ಯಾಸ ಇರುವುದು ಹೊತ್ತಿನಲ್ಲಿ. ಜೀವಶಾಸ್ತ್ರಕ್ಕೆ ಓದು ಬಹಳ. ನೆನಪಿಡಬೇಕಾದ ಹೆಸರುಗಳು, ಚಿತ್ರಗಳು, ಜೊತೆಗೆ ಪ್ರಾಯೋಗಿಕ ತರಗತಿ. ಕಂಪ್ಯೂಟರ್ ಸೈನ್ಸ್ ಮತ್ತು ಸಂಖ್ಯಾಶಾಸ್ತ್ರ ಅದಕ್ಕಿಂತ ಹಗುರ. ಮಗ ಎಂಜಿನಿಯರಿಂಗೇ ಎಂದು ಗಟ್ಟಿಯಾಗಿ ನಿರ್ಧರಿಸಿದ್ದರೆ ಆ ಉಳಿದ ಹೊತ್ತು ಗಣಿತಕ್ಕೆ ಹೋಗಲಿ. ಇನ್ನೂ ಡೋಲಾಯಮಾನ, ಅಥವಾ ಕೃಷಿ, ಪಶುವೈದ್ಯ, ನರ್ಸಿಂಗ್ ಮನಸ್ಸಿನಲ್ಲಿದ್ದರೆ ಜೀವಶಾಸ್ತ್ರ ಬಿಡಬೇಡಿ. ಬಿ.ಫಾರ್ಮ್ ಮಾತ್ರ ಗಣಿತವಿದ್ದರೂ ನಡೆಯುತ್ತದೆ, ಜೀವಶಾಸ್ತ್ರವಿದ್ದರೂ ನಡೆಯುತ್ತದೆ.

ನಾನು ಕಂಡಂತೆ ಪಿಸಿಎಂಬಿಯಲ್ಲಿ ಸೋಲುವವರು ದಡ್ಡರಲ್ಲ. ಜನವರಿಯವರೆಗೆ ನೀಟ್, ಫೆಬ್ರವರಿಯಲ್ಲಿ ಸಿಇಟಿ, ಮಾರ್ಚಿನಲ್ಲಿ ವಾರ್ಷಿಕ ಪರೀಕ್ಷೆ ಎಂದು ಮೂರು ದೋಣಿಯಲ್ಲಿ ಕಾಲಿಟ್ಟವರು.

ಡಾಕ್ಟರ್ ಆಗಾಕ ಪಿಯುಸಿ ಎಷ್ಟ್ ಬೇಕು?

ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಕೂಡಿ ಶೇ 50. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ 40. ಅದು ಅರ್ಹತೆ ಅಷ್ಟೇ. ಸೀಟು ನಿಂತಿರುವುದು ನೀಟ್‌ನ 720 ಅಂಕದ ಮೇಲೆ. ಸರಿ ಉತ್ತರಕ್ಕೆ 4, ತಪ್ಪಿದರೆ ಒಂದು ಕಡಿತ. 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವೇ. ಗಣಿತ ಇಲ್ಲವೇ ಇಲ್ಲ. ಪಿಯುಸಿಯಲ್ಲಿ 98 ತೆಗೆದವರೂ 70 ತೆಗೆದವರೂ ನೀಟ್ ಬಾಗಿಲಲ್ಲಿ ಒಂದೇ.

ಸುಮಾರು ನಲವತ್ತು ದಾಟಿದ ಪಾಲಕರಿಗೆ ಇದನ್ನು ಒಪ್ಪಿಸುವುದು ಕಷ್ಟ. ಅವರ ಕಾಲದಲ್ಲಿ ಮೆಡಿಕಲ್ ಸೀಟೂ ಸಿಇಟಿಯಲ್ಲೇ ಸಿಗುತ್ತಿತ್ತು, ಪಿಯುಸಿ ಅಂಕಕ್ಕೆ ತೂಕವಿತ್ತು. ಸರ್ಕಾರಿ ಸೀಟುಗಳಿಗೆ 2016ರವರೆಗೂ ಸಿಇಟಿಯೇ ನಡೆಯಿತು. 2017ರಿಂದ ನೀಟ್ ಒಂದೇ.

ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಎನಿಸಿಕೊಂಡಿದ್ದ ಕೆಎಂಸಿಆರ್‌ಐ, ಗದಗದಲ್ಲಿ ಜಿಮ್ಸ್, ಹಾವೇರಿಯಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿರುವುದರಿಂದ "ನಮ್ಮ ಜಿಲ್ಲಾದವರಿಗೆ ಸೀಟು ಇಟ್ಟಿರ್ತಾರಲ್ರಿ" ಎಂದು ಕೇಳುತ್ತಾರೆ. ಜಿಲ್ಲೆಗೆಂದು ಸೀಟು ಇಟ್ಟಿರುವುದಿಲ್ಲ. ಸರ್ಕಾರಿ ಕಾಲೇಜಿನ ಶೇ 15 ಸೀಟು ಅಖಿಲ ಭಾರತ ಕೋಟಾಕ್ಕೆ, ಉಳಿದದ್ದು ಇಡೀ ರಾಜ್ಯಕ್ಕೆ.

ಐಐಟಿ ಧಾರವಾಡದಾಗ ಲೋಕಲ್ ಕೋಟಾ ಐತೇನ್ರಿ?

ಇಲ್ಲ. ಚಿಕ್ಕಮಲ್ಲಿಗವಾಡದವರ ಮಕ್ಕಳಿಗೂ ಇಲ್ಲ, ತಡಸಿನಕೊಪ್ಪದ ಐಐಐಟಿಯಲ್ಲೂ ಇಲ್ಲ. ಐಐಟಿಗೆ ಜೆಇಇ ಮೇನ್ ದಾಟಿ ಅಡ್ವಾನ್ಸ್ಡ್ ಬರೆಯಬೇಕು, ಐಐಐಟಿಗೆ ಮೇನ್ ಸಾಕು. ಸ್ವಂತ ರಾಜ್ಯದವರಿಗೆ ಅರ್ಧ ಸೀಟು ಸಿಗುವುದು ಸುರತ್ಕಲ್ಲಿನ ಎನ್ಐಟಿಯಲ್ಲಿ.

ಜೆಇಇ ರ‍್ಯಾಂಕಿಗೂ ಹಿಂದೆ, 2013ರಿಂದ 2016ರವರೆಗೆ, ಮಂಡಳಿ ಅಂಕದ ಶೇ 40 ಸೇರುತ್ತಿತ್ತು. 2017ರಲ್ಲಿ ಅದನ್ನು ಕೈಬಿಟ್ಟರು. ಈಗ ಶೇ 75ರ ಗೆರೆ ದಾಟಿದರೆ ಸಾಕು. ಜೆಇಇ ಮೇನ್ ಮತ್ತು ನೀಟ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಅದಕ್ಕೆ ಬೇಕಾದ ಕನ್ನಡದ ಅಭ್ಯಾಸ ಪುಸ್ತಕಗಳು ಮಾತ್ರ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಈಗ 33ಕ್ಕ ಪಾಸಂತ. ಮತ್ತ ಸೈನ್ಸ್ ಹಗುರ ಆತಲ್ರಿ?

ಪಾಸಾಗುವುದು ಹಗುರವಾಗಿದೆ. 2025-26ರಿಂದ ಪಿಯುಸಿಯಲ್ಲಿ ಒಟ್ಟು ಶೇ 33, ಅಂದರೆ 600ಕ್ಕೆ 198 ಬಂದು, ವಿಷಯವೊಂದಕ್ಕೆ ಕನಿಷ್ಠ 30 ಇದ್ದರೆ ಪಾಸು. ಮೊದಲು 35 ಬೇಕಿತ್ತು.

ಆದರೆ ಎಂಜಿನಿಯರಿಂಗ್ ಸೀಟಿನ ಅರ್ಹತೆ ಕೆಳಗಿಳಿದಿಲ್ಲ. ಅಲ್ಲಿ ಮೂರು ವಿಷಯ ಕೂಡಿ ಶೇ 45 ಬೇಕು, ಅಂದರೆ 300ಕ್ಕೆ 135. ಮೀಸಲಾತಿಯವರಿಗೆ ಶೇ 40, ಅಂದರೆ 120. ವಿಷಯಕ್ಕೆ 30ರಂತೆ ಪಾಸಾದವನ ಕೈಯಲ್ಲಿರುವುದು 90. "ಪಾಸಾಗೇನಿ, ಸಿಇಟಿ ರ‍್ಯಾಂಕೂ ಬರಬೇಕಲ್ಲ" ಎಂದು ಬಂದು ನಿಂತವರಿಗೆ ಈ ಕಂದಕವನ್ನು ತೋರಿಸುವುದು ಸಂಕಟದ ಕೆಲಸ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಲವತ್ತರ ಆಚೀಚೆ ಇರುವ ಮಗುವನ್ನು "ಪಾಸ್ ಅಂತೂ ಆಗ್ತಾನ" ಎಂದು ವಿಜ್ಞಾನಕ್ಕೆ ಹಾಕುವ ಮೊದಲು ಈ 135ನ್ನು ನೆನಪಿಡಿ.

ಇಂಟರ್ನಲ್ ಮಾರ್ಕ್ಸ್ ಕಾಲೇಜಿನವ್ರ ಕೊಡ್ತಾರ. ಹೆಚ್ಚು ಕೊಡೋ ಕಾಲೇಜಿಗೆ ಹಾಕಿದ್ರ ಲಾಭ ಐತೇನು?

ಲೆಕ್ಕ ಹಾಕಿ ನೋಡಿ. ಭೌತ, ರಸಾಯನ ಎರಡಕ್ಕೂ ಪ್ರಾಯೋಗಿಕ 30. ಗಣಿತಕ್ಕೆ 2023-24ರಿಂದ ಆಂತರಿಕ ಅಂಕ 20. ಮೂರರ 300ರಲ್ಲಿ 80 ಅಂಕ ಬರವಣಿಗೆಯ ಪರೀಕ್ಷೆಗೆ ಹೊರತಾದವು. ಈ 80ರಲ್ಲಿ ತರಗತಿಗೆ ಬರುವ ಮಗುವಿಗೆ ಯಾವ ಕಾಲೇಜೂ ಕಡಿಮೆ ಕೊಡುವುದಿಲ್ಲ. ಎಲ್ಲರಿಗೂ ಸಿಗುವ ಅಂಕದಿಂದ ಯಾರೂ ಮುಂದೆ ಹೋಗುವುದಿಲ್ಲ. ಪೈಪೋಟಿ ಉಳಿದ 220ರಲ್ಲಿ.

ಮೂರು ಸಲ ಪರೀಕ್ಷೆ ಬರೀಬಹುದಂತಲ್ಲ?

2024ರಲ್ಲಿ ಪರೀಕ್ಷೆ-1, 2, 3 ಎಂದು ಮೂರು ಸಲ ನಡೆಸಲು ಶುರು ಮಾಡಿದರು. ಪಾಸಾದವರೂ ಅಂಕ ಏರಿಸಿಕೊಳ್ಳಲು ಬರೆಯಬಹುದು, ಹೆಚ್ಚು ಬಂದ ಅಂಕ ಉಳಿಯುತ್ತದೆ. ಹಾಗೆಂದು ಸಿಇಟಿಗೆ ಓದುವ ಹೊತ್ತನ್ನು ಅಲ್ಲಿ ಸುರಿಯುವ ಮುನ್ನ ಮೇಲೆ ಹೇಳಿದ ಮೂರಕ್ಕೆ ಐದರ ಸೂತ್ರ ನೋಡಿಕೊಳ್ಳಿ. ಒಂದು ವಿಷಯದಲ್ಲಿ ಕೈಕೊಟ್ಟು 55-60ರಲ್ಲಿ ನಿಂತವರಿಗೆ ಪರೀಕ್ಷೆ-2 ವರ. 93ನ್ನು 96 ಮಾಡಲು ಹೊರಟವರಿಗೆ ಕಾಲಹರಣ. ಪ್ರಾಧಿಕಾರ ಆ ವರ್ಷ ಯಾವ ದಿನಾಂಕದವರೆಗೆ ಹೊಸ ಅಂಕ ಸ್ವೀಕರಿಸುತ್ತದೆ ಎಂಬುದನ್ನೂ ಪ್ರಕಟಣೆಯಲ್ಲಿ ನೋಡಬೇಕು.

ಕಾಮರ್ಸ್ ಓದಿದವ್ರೂ ಎಂಜಿನಿಯರಿಂಗ್ ಮಾಡಬಹುದಂತ ಪೇಪರಿನ್ಯಾಗ ಬಂದಿತ್ತಲ್ರಿ?

2021ರ ಸುದ್ದಿ ಅದು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ತನ್ನ ಕೈಪಿಡಿಯಲ್ಲಿ ಎಂಜಿನಿಯರಿಂಗಿಗೆ ಭೌತಶಾಸ್ತ್ರ, ಗಣಿತ ಕಡ್ಡಾಯವಲ್ಲ, 14 ವಿಷಯಗಳಲ್ಲಿ ಯಾವುದಾದರೂ ಮೂರು ಸಾಕು ಎಂದು ಬರೆದಿತ್ತು. ದೊಡ್ಡ ಚರ್ಚೆಯಾಯಿತು. ಆದರೆ ಸಿಇಟಿ ಮೂಲಕ ಸೇರುವವರಿಗೆ ಭೌತಶಾಸ್ತ್ರ ಮತ್ತು ಗಣಿತ ಇಂದಿಗೂ ಕಡ್ಡಾಯ. ಆ ಸುದ್ದಿಯ ತುಣುಕನ್ನು ಈಗಲೂ ಮೊಬೈಲಿನಲ್ಲಿ ತೋರಿಸುವವರಿದ್ದಾರೆ.

ಆರ್ಟ್ಸ್, ಕಾಮರ್ಸ್ ಮಕ್ಕಳಿಗೆ ಈ ಲೆಕ್ಕ ಯಾವ್ದೂ ಇಲ್ಲೇನ್ರಿ?

ಅವರಿಗೆ ಬೇರೆಯದೇ ಲೆಕ್ಕವಿದೆ, ಅದನ್ನು ಯಾರೂ ಕೂತು ಹೇಳುವುದಿಲ್ಲ. ವಿಜ್ಞಾನದವರಿಗೆ ಅರ್ಧ ಗಂಟೆ, ಕಲೆಯವರಿಗೆ "ಫಾರ್ಮ್ ತುಂಬು, ಅಲ್ಲಿ ಸಹಿ ಮಾಡು". ಈ ತಪ್ಪಿನಲ್ಲಿ ನನ್ನದೂ ಪಾಲಿದೆ.

ಕರ್ನಾಟಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ. ಸೇರಲು ಪಿಯುಸಿ ಅಂಕವೇ ಆಧಾರ, ಸಿಇಟಿ ಇಲ್ಲ. ಅಂದರೆ ವಿಜ್ಞಾನದವರಿಗೆ ಬೆಲೆಯಿಲ್ಲದ ಭಾಷೆಯ ಅಂಕ ಇವರ ಅಂಕಪಟ್ಟಿಗೆ ಬೆಲೆ ತರುತ್ತದೆ. ನವನಗರದ ಕಾನೂನು ವಿಶ್ವವಿದ್ಯಾಲಯದ ಐದು ವರ್ಷದ ಕೋರ್ಸಿಗೆ ಯಾವ ವಿಭಾಗದವರಾದರೂ ನಡೆಯುತ್ತದೆ. ಪದವಿಯೂ 2021ರಲ್ಲಿ ನಾಲ್ಕು ವರ್ಷದ ಮಾದರಿಗೆ ಹೋಗಿ, 2024-25ರಿಂದ ಮತ್ತೆ ಮೂರಕ್ಕೆ ಬಂದಿದೆ.

ನಮ್ಮ ಕಡೆ ಕಿವಿಗೇ ಬೀಳದ ಹೆಸರು ಸಿಯುಇಟಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ 2022ರಿಂದ ಇದರ ಅಂಕವೇ ಆಧಾರ. ಪಿಯುಸಿ ಅಂಕ ಅರ್ಹತೆಗೆ ಮಾತ್ರ. ಕಲಬುರಗಿ ಬಳಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಇದೇ ದಾರಿ. ಕನ್ನಡದಲ್ಲೂ ಬರೆಯಬಹುದು. 2025ರಿಂದ ಗರಿಷ್ಠ ಐದು ವಿಷಯ ಆರಿಸಿಕೊಳ್ಳಬಹುದು, ಒಂದೊಂದಕ್ಕೂ 50 ಪ್ರಶ್ನೆ, ಒಂದು ಗಂಟೆ. ಪಿಯುಸಿಯಲ್ಲಿ ಓದದ ವಿಷಯವನ್ನೂ ಆರಿಸಿಕೊಳ್ಳಲು ಬಿಟ್ಟಿದ್ದಾರೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದಿದ ಮುಂಡರಗಿಯ ಹುಡುಗಿಯೊಬ್ಬಳಿಗೆ ಇದು ಗೊತ್ತಾದರೆ ಅವಳ ನಕಾಶೆ ದೊಡ್ಡದಾಗುತ್ತದೆ.

ನನ್ನ ಮಗಳು ಹತ್ತರವರೆಗೂ ಕನ್ನಡ ಮೀಡಿಯಂ. ಸೈನ್ಸ್ ತಗೊಂಡ್ರ ಮುಳುಗ್ತಾಳೇನ್ರಿ?

ಮೊದಲ ಮೂರು ತಿಂಗಳು ಮುಳುಗಿದಂತೆ ಕಾಣುತ್ತಾಳೆ. 'ವೇಗೋತ್ಕರ್ಷ' ಎಂದು ಗೊತ್ತಿದ್ದದ್ದೇ 'ಆಕ್ಸೆಲರೇಷನ್' ಎಂದು ಬಂದಾಗ ಹೊಸ ವಿಷಯವೆಂದು ಹೆದರುತ್ತಾಳೆ. ಹತ್ತನೇ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ, ಗಣಿತ ಪುಸ್ತಕವನ್ನು ಬೇಸಿಗೆಯಲ್ಲಿ ಕನ್ನಡದ್ದರ ಪಕ್ಕ ಇಟ್ಟುಕೊಂಡು ಓದಿಸಿ. ವಿಷಯ ಗೊತ್ತೇ ಇದೆ, ಶಬ್ದವಷ್ಟೇ ಹೊಸದು. ದೀಪಾವಳಿ ಹೊತ್ತಿಗೆ ದಾರಿಗೆ ಬಂದವರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಅಷ್ಟರೊಳಗೆ ಹೆದರಿ ವಿಭಾಗ ಬದಲಿಸಿದವರನ್ನೂ ನೋಡುತ್ತೇನೆ. ಅವರಲ್ಲಿ ಅರ್ಧ ಮಂದಿ ಇನ್ನೆರಡು ತಿಂಗಳು ತಡೆದಿದ್ದರೆ ಸಾಕಿತ್ತು ಎನಿಸುತ್ತದೆ.

ಅವಳಿಗೆ ಸಿಇಟಿಯಲ್ಲಿ ಕನ್ನಡ ಮಾಧ್ಯಮದ ಶೇ 5 ಮೀಸಲಾತಿಯೂ ಇದೆ. ಹಳ್ಳಿ ಶಾಲೆಯಾಗಿದ್ದರೆ ಗ್ರಾಮೀಣ ಶೇ 15 ಕೂಡ.

ಹೊಲ ಐತ್ರಿ. ಅಗ್ರಿ ಬಿಎಸ್ಸಿಗೆ ಹೆಂಗ?

ಬ್ಯಾಡಗಿ, ರಾಣೆಬೆನ್ನೂರು, ನರಗುಂದ ಕಡೆಯ ಪಾಲಕರು ಇದನ್ನು ಕೇಳಿದಾಗ ನನಗೆ ಖುಷಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಹನುಮನಮಟ್ಟಿಯ ಕೃಷಿ ಕಾಲೇಜು, ಶಿರಸಿಯ ಅರಣ್ಯ ಕಾಲೇಜು ಎಲ್ಲಕ್ಕೂ ಸಿಇಟಿಯೇ ದಾರಿ, ಜೀವಶಾಸ್ತ್ರ ಬೇಕೇ ಬೇಕು. ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಓದಿಸಿ ಆಮೇಲೆ ಬಂದು ಕೇಳಿದರೆ ಏನೂ ಮಾಡಲು ಬರುವುದಿಲ್ಲ. ಪಶುವೈದ್ಯಕ್ಕೂ ಜೀವಶಾಸ್ತ್ರವೇ.

ಕೃಷಿಕ ಕೋಟಾದಡಿ ಅರ್ಜಿ ಹಾಕುವವರಿಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಅದರ ಅಂಕ ರ‍್ಯಾಂಕಿಗೆ ಸೇರುತ್ತದೆ. ಬೀಜ, ಸಲಕರಣೆ, ಬೆಳೆ ಗುರುತಿಸುವಂಥದ್ದು. ಧಾರವಾಡದ ಹಾಸ್ಟೆಲಿನಲ್ಲಿ ಎರಡು ವರ್ಷ ಕೂತು ಹೊಲದ ಮುಖ ನೋಡದ ರೈತರ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಸೂಟಿಗೆ ಬಂದಾಗ ಮಗನನ್ನು ಮೊಬೈಲಿಗೆ ಬಿಡದೆ ಬಿತ್ತನೆಗೆ ಕರೆದುಕೊಂಡು ಹೋಗಿ. ಓದೂ ಆಯಿತು, ಕೆಲಸವೂ ಆಯಿತು.

ಧಾರವಾಡದಾಗ ಹಾಸ್ಟೆಲ್, ಕೋಚಿಂಗ್ ಎಲ್ಲಾ ಕೂಡೇ ಇರೋ ಕಾಲೇಜಿಗೆ ಹಾಕಿದ್ರ ಸೀಟು ಗ್ಯಾರಂಟಿನಾ?

ಗ್ಯಾರಂಟಿ ಎಂದು ಹೇಳುವವರ ಬಾಗಿಲಿನಿಂದ ಎದ್ದು ಬನ್ನಿ. ಒಮ್ಮೆ ನನ್ನ ಸಂಬಂಧಿಕರೊಬ್ಬರು ಹಾಗೆ ಎರಡು ಎಕರೆ ಲಾವಣಿ (ಗೇಣಿ) ಹಣವನ್ನು ಪೂರ್ತಿ ಮುಂಗಡ ಕಟ್ಟಿದರು. ಹುಡುಗನಿಗೆ ಜೀವಶಾಸ್ತ್ರ ಬೇಡವಾಗಿತ್ತು, ಅಲ್ಲಿ ಪಿಸಿಎಂಬಿ ಬ್ಯಾಚಿನಲ್ಲಷ್ಟೇ ಜಾಗವಿತ್ತು, ಹಾಕಿಬಿಟ್ಟರು. ಡಿಸೆಂಬರಿನಲ್ಲಿ ಊರಿಗೆ ಬಂದವನು ತಿರುಗಿ ಹೋಗಲಿಲ್ಲ, ಹಣವೂ ತಿರುಗಿ ಬರಲಿಲ್ಲ.

ಕೇಳಬೇಕಾದ್ದು ಮೂರೇ ಮಾತು. ಕಳೆದ ವರ್ಷ ಬೋರ್ಡಿನಲ್ಲಿ ಹಾಕಿದ ರ‍್ಯಾಂಕಿನವರನ್ನು ಬಿಟ್ಟು ನಡುವಿನ ಮಕ್ಕಳಿಗೆ ಎಷ್ಟು ಬಂತು? ಬಿಟ್ಟರೆ ಹಣ ಎಷ್ಟು ವಾಪಸು, ಬರೆದು ಕೊಡುತ್ತೀರಾ? ಪ್ರಾಯೋಗಿಕ ತರಗತಿ ನಿಜವಾಗಿ ನಡೆಯುತ್ತವೆಯೇ? ಹುಬ್ಬಳ್ಳಿ ಸುತ್ತಲಿನ ಮಕ್ಕಳಾದರೆ ಚಿಗರಿ ಬಸ್ಸಿನಲ್ಲಿ ಓಡಾಡಿ ಮನೆಯ ಊಟ ಉಂಡು ಓದಿದರೂ ಸೀಟು ಸಿಗುತ್ತದೆ.

ಪಿಸಿಎಂಸಿ ಮುಗಿಸ್ಯಾನ. ಈಗ ಡಾಕ್ಟರ್ ಆಗ್ತೀನಿ ಅಂತಾನ. ಏನ್ ಮಾಡೋದು?

ಮೊದಲು ಇದಕ್ಕೆ ದಾರಿಯೇ ಇರಲಿಲ್ಲ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಸಡಿಲಿಸಿ, ಪಿಯುಸಿ ಮುಗಿದ ಮೇಲೆ ಮಾನ್ಯ ಮಂಡಳಿಯಲ್ಲಿ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿದವರಿಗೂ ನೀಟ್ ಬರೆಯಲು ಬಿಟ್ಟಿತು. ಆದರೆ ಎರಡು ವರ್ಷದ ಜೀವಶಾಸ್ತ್ರವನ್ನು ಒಂದು ವರ್ಷದಲ್ಲಿ ಓದಿ, 360 ಅಂಕದ ಭಾಗವನ್ನು ಮೊದಲಿನಿಂದ ಕಟ್ಟಬೇಕು. ಮನಸ್ಸು ನಿಜಕ್ಕೂ ಬದಲಾಗಿದೆಯೋ, ಸಿಇಟಿ ರ‍್ಯಾಂಕ್ ನೋಡಿ ಬೇಸರವಾಗಿದೆಯೋ ಅವನನ್ನೇ ಕೂರಿಸಿ ಕೇಳಿ. ನೀವಲ್ಲ, ಅವನ ಸೋದರಮಾವನೋ ಕಾಕಾನೋ ಕೇಳಿದರೆ ಉತ್ತರ ಖರೆ ಬರುತ್ತದೆ.

ಕೊಪ್ಪಳದವ್ರಿಗೆ ಬ್ಯಾರೆ ಕೋಟಾ ಅದ, ಗದಗಿನವ್ರಿಗೆ ಯಾಕಿಲ್ರಿ?

ಆ ಕೋಟಾ ಸಂವಿಧಾನದ 371(ಜೆ) ವಿಧಿಯದು, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳಿಗೆ. ಗದಗ ಅದರಲ್ಲಿಲ್ಲ. ಗಡಿಯ ಆಚೆ ಹತ್ತು ಕಿಲೋಮೀಟರ್ ದೂರದ ಹಳ್ಳಿಗೆ ಇರುವ ಅನುಕೂಲ ಈಚೆಯವರಿಗಿಲ್ಲ ಎಂಬ ಸಂಕಟ ನನಗೂ ಅರ್ಥವಾಗುತ್ತದೆ, ಆದರೆ ಅದು ಅಡ್ಮಿಷನ್ ಕೊಠಡಿಯಲ್ಲಿ ಬಗೆಹರಿಯುವುದಲ್ಲ.

ಯಾವ ಕಾಗದ ಈಗಿಂದೀಗ ಮಾಡಿಸಿ ಇಟ್ಕೋಬೇಕ್ರಿ?

ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಎರಡಕ್ಕೂ ಅದೇ ಬುಡ. ಹತ್ತು ವರ್ಷ ಪೂರ್ತಿ ಇರಬೇಕು. ಗ್ರಾಮೀಣಕ್ಕೆ ಶಾಲೆ ಇದ್ದ ಊರು ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಪಾಲಿಕೆ ಯಾವುದರ ವ್ಯಾಪ್ತಿಗೂ ಸೇರಿರಬಾರದು. ಒಂದೇ ವರ್ಷ ಮುಂಡರಗಿಯಲ್ಲೋ ಶಿಗ್ಗಾವಿಯಲ್ಲೋ ಓದಿದ್ದರೂ ಗ್ರಾಮೀಣ ಹೋಯಿತು.

ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆಯದು ಬೇಕು. ಪಿಯುಸಿ ಎರಡನೇ ವರ್ಷದ ಏಪ್ರಿಲಿನಲ್ಲಿ ಸಿಇಟಿ ತಯಾರಿ ಬಿಟ್ಟು ಇದಕ್ಕಾಗಿ ಓಡಾಡುವವರನ್ನು ಪ್ರತಿವರ್ಷ ನೋಡುತ್ತೇನೆ. ಶಾಲೆಗೆ ಸೂಟಿ, ಹೆಡ್‌ಮಾಸ್ತರು ಊರಲ್ಲಿಲ್ಲ, ಕಚೇರಿಯಲ್ಲಿ ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ. ಟಿಸಿ ತರಲು ಹೇಗೂ ಜೂನಿನಲ್ಲಿ ಶಾಲೆಗೆ ಹೋಗುತ್ತೀರಿ. ಅದೇ ದಿನ ಇದನ್ನೂ ಬರೆಸಿಕೊಳ್ಳಿ. ಅಂಕಪಟ್ಟಿಯಲ್ಲಿನ ಹೆಸರು, ಆಧಾರ್‌ನಲ್ಲಿನ ಹೆಸರು, ಜಾತಿ ಪ್ರಮಾಣಪತ್ರದಲ್ಲಿನ ಹೆಸರು ಮೂರೂ ಒಂದೇ ಇವೆಯೇ ಎಂದು ಅಲ್ಲೇ ಗಿಡದ ಕೆಳಗೆ ನಿಂತು ನೋಡಿಕೊಳ್ಳಿ. ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದೆ ತಿರುಗಾಡುವವರು ನಮ್ಮ ಕಡೆ ಬಹಳ.